ಟ್ರ್ಯಾಕ್ ಸವಾರಿ ತಿದ್ದಿಕೊಳ್ಳಲು ವಿಡಿಯೊ: ಹುಬ್ಬಳ್ಳಿ-ಧಾರವಾಡದ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಉಣಕಲ್ ಕೆರೆಯ ದಂಡೆಯ ಭಾನುವಾರದ ಮಾತುಕತೆಯಲ್ಲಿ, ಗದಗ ಮತ್ತು ಹಾವೇರಿಯಿಂದ ಬರುವ ಫೋನುಗಳಲ್ಲಿ, ಬೈಕ್ ರೇಸಿನ ಟ್ರ್ಯಾಕ್‌ನಿಂದ ಮರಳಿದವರು ಕಳಿಸುವ ಸಂದೇಶಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರಿಗೆ ಬೇಕಾದದ್ದು ಮೊದಲು, ಆಳಕ್ಕೆ ಇಳಿಯುವವರಿಗೆ ಬೇಕಾದದ್ದು ಕೊನೆಗೆ.

## ಶುರು ಮಾಡುವವರಿಗೆ

ವರ್ಷಕ್ಕೆ ಒಂದೋ ಎರಡೋ ಸಲ ಟ್ರ್ಯಾಕ್‌ಗೆ ಹೋಗುವವನು ನಾನು. ನನಗೆ ವಿಡಿಯೊ ಯಾಕೆ ಬೇಕು?

ನಿಮಗೇ ಎಲ್ಲರಿಗಿಂತ ಹೆಚ್ಚು ಬೇಕು. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ನಮ್ಮೂರಿನಿಂದ ಸುಮಾರು 700 ಕಿಲೋಮೀಟರ್ ದೂರ. ನಮ್ಮ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಅಲ್ಲಿಯವರೆಗೂ ಹೋಗುತ್ತದೆ ನಿಜ, ಆದರೆ ಬೈಕನ್ನು ಪಿಕಪ್‌ನಲ್ಲಿ ಹೇರಿಕೊಂಡು ಹೋಗಿ ಬರಲು ರಜೆಯೂ ಹಣವೂ ಬೇಕು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಕೂಡ ಹತ್ತಿರವಲ್ಲ. ಚೆನ್ನೈಯ ಸವಾರ ಈ ವಾರ ಮಾಡಿದ ತಪ್ಪನ್ನು ಮುಂದಿನ ತಿಂಗಳು ಹೋಗಿ ತಿದ್ದಬಹುದು. ನಮಗೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ಯಾವ ತಿರುವಿನಲ್ಲಿ ಏನಾಯಿತೆಂಬ ನೆನಪೇ ಮಸುಕಾಗಿರುತ್ತದೆ.

ವಿಡಿಯೊ ಆ ಒಂದು ದಿನವನ್ನು ಮನೆಗೆ ತರುತ್ತದೆ. ಇಪ್ಪತ್ತು ನಿಮಿಷದ ಒಂದು ಸೆಷನ್ನನ್ನು ನಾನು ಒಂದಿಡೀ ಮಳೆಗಾಲ ನೋಡಿದ್ದೇನೆ. ಪ್ರತಿ ಸಲವೂ ಹಿಂದೆ ಕಾಣದಿದ್ದದ್ದು ಏನಾದರೂ ಕಂಡಿದೆ.

ಆಕ್ಷನ್ ಕ್ಯಾಮೆರಾ ಕೊಳ್ಳುವ ಶಕ್ತಿ ಇಲ್ಲ. ಮೊಬೈಲ್ ಸಾಲುವುದಿಲ್ಲವೇ?

ಬೈಕಿನ ಮೇಲೆ ಕಟ್ಟಬೇಡಿ. ಎಂಜಿನ್ನಿನ ಕಂಪನ ಫೋನ್ ಕ್ಯಾಮೆರಾದ ಒಳಗಿನ ಸ್ಥಿರೀಕರಣ ಭಾಗಗಳನ್ನು ಕೆಡಿಸಬಲ್ಲದು. 2021ರಲ್ಲಿ ಆ್ಯಪಲ್ ಕಂಪನಿಯೇ ಬೈಕ್ ಸವಾರರಿಗೆ ಈ ಎಚ್ಚರಿಕೆ ಕೊಟ್ಟಿದೆ. ಆದರೆ ಅದೇ ಫೋನ್ ಟ್ರ್ಯಾಕ್‌ನ ಹೊರಗೆ ನಿಂತ ಗೆಳೆಯನ ಕೈಯಲ್ಲಿದ್ದರೆ ಬೆಲೆಕಟ್ಟಲಾಗದ ಸಾಧನ. ಪ್ರೇಕ್ಷಕರಿಗೆ ಬಿಟ್ಟ ಜಾಗದಲ್ಲಿ ನಿಂತು ಒಂದೇ ತಿರುವನ್ನು ಹಿಡಿಯಲು ಹೇಳಿ. ಇಡೀ ಟ್ರ್ಯಾಕ್ ಬೇಡ. ನೀವು ಬರುವುದು, ಬಾಗುವುದು, ಹೊರಬೀಳುವುದು, ಆ ಹತ್ತು ಸೆಕೆಂಡು ಸಾಕು. ಎಂಟು ಲ್ಯಾಪ್ ಸುತ್ತಿದರೆ ಒಂದೇ ತಿರುವಿನ ಎಂಟು ತುಣುಕುಗಳು ಸಿಗುತ್ತವೆ, ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ನಮ್ಮ ಬೈಪಾಸಿನಲ್ಲೇ ಬೆಳಗಿನ ಜಾವ ಓಡಿಸಿ, ವಿಡಿಯೊ ಮಾಡಿಕೊಂಡು ಕಲಿಯಬಾರದೇ?

ಬೇಡ. ಆ ರಸ್ತೆ ಎಷ್ಟು ಮನೆಗಳ ದೀಪ ಆರಿಸಿದೆ ಎಂಬುದನ್ನು ಹುಬ್ಬಳ್ಳಿ-ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಎದುರಿನಿಂದ ಲಾರಿ ಬರುವ ಜಾಗದಲ್ಲಿ ಟ್ರ್ಯಾಕ್ ಸವಾರಿಯ ಅಭ್ಯಾಸವೆಂಬುದೇ ಇಲ್ಲ. ಊರಿನಲ್ಲೇ ಏನಾದರೂ ಮಾಡಬೇಕೆಂದರೆ, ಅನುಮತಿ ಪಡೆದ ಖಾಲಿ ಮೈದಾನದಲ್ಲಿ ನಾಲ್ಕು ಕೋನುಗಳನ್ನಿಟ್ಟು, ಸವಾರಿಯ ಪೂರ್ಣ ಉಡುಪು ತೊಟ್ಟು, 25-30 ಕಿ.ಮೀ. ವೇಗದಲ್ಲಿ ಎಂಟರ ಆಕಾರ ಸುತ್ತಿ. ಸ್ನೇಹಿತರೊಬ್ಬರು ಚಿತ್ರೀಕರಿಸಲಿ. ತಲೆ ಯಾವಾಗ ತಿರುಗುತ್ತದೆ, ಭುಜ ಬಿಗಿದಿದೆಯೇ, ಬ್ರೇಕ್ ಬಿಡುವುದು ಮೆತ್ತಗಿದೆಯೇ ಎಂಬುದು ಆ ವೇಗದಲ್ಲೂ ಚೆನ್ನಾಗಿಯೇ ಕಾಣುತ್ತದೆ.

ಮೊದಲ ಸಲ ಹೋಗುತ್ತಿದ್ದೇನೆ. ಬೇರೆಯವರ ವಿಡಿಯೊ ನೋಡಿ ಟ್ರ್ಯಾಕ್ ಕಲಿತುಕೊಂಡು ಹೋಗಲೇ?

ತಿರುವುಗಳ ಕ್ರಮವನ್ನು ಕಲಿಯಿರಿ. ಚೆನ್ನೈಯ ಸರ್ಕ್ಯೂಟ್ 3.7 ಕಿ.ಮೀ. ಉದ್ದ, 12 ತಿರುವು. ಯಾವುದರ ನಂತರ ಯಾವುದು, ಎಡವೋ ಬಲವೋ ಎಂಬುದು ಬಾಯಿಪಾಠವಾಗಿದ್ದರೆ ಮೊದಲ ಸೆಷನ್ನಿನ ಅರ್ಧ ಭಯ ಹೋಗುತ್ತದೆ. ಆದರೆ ಎಲ್ಲಿ ಬ್ರೇಕ್ ಹಿಡಿಯಬೇಕು ಎಂಬುದನ್ನು ಮಾತ್ರ ವಿಡಿಯೊದಿಂದ ತೆಗೆದುಕೊಳ್ಳಬೇಡಿ. ಅಗಲ ಲೆನ್ಸು ದೂರವನ್ನು ಹಿಗ್ಗಿಸಿ ತೋರಿಸುತ್ತದೆ, ಏರಿಳಿತವನ್ನು ಚಪ್ಪಟೆ ಮಾಡುತ್ತದೆ. ಪರದೆಯ ಮೇಲೆ ಆರಾಮಾಗಿ ಕಾಣುವ ತಿರುವು ಕಣ್ಣೆದುರಿಗೆ ಬಂದಾಗ ಇಷ್ಟು ಬೇಗ ಬಂತೇ ಎನಿಸುತ್ತದೆ.

## ಕ್ಯಾಮೆರಾ ಕೂರಿಸುವುದು

ಕ್ಯಾಮೆರಾ ಎಲ್ಲಿ ಕೂರಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಅದು ನೀವು ಏನನ್ನು ತಿಳಿಯಬೇಕು ಎಂಬುದರ ಮೇಲೆ ನಿಂತಿದೆ. ಒಬ್ಬೊಬ್ಬರು ಒಂದೊಂದು ಹೇಳುವುದು ಅದಕ್ಕೇ.

ಸೀಟಿನ ಹಿಂಬದಿಯಲ್ಲಿ, ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ನಿಮ್ಮ ಬೆನ್ನು, ಭುಜ, ತಲೆ, ಸೊಂಟ ಕಾಣುತ್ತವೆ, ಅವುಗಳ ಆಚೆಗೆ ರಸ್ತೆಯೂ ಕಾಣುತ್ತದೆ. ಒಂದೇ ಕ್ಯಾಮೆರಾ ಇರುವವರಿಗೆ ನನ್ನ ಮೊದಲ ಸಲಹೆ ಇದೇ. ಸವಾರನ ತಪ್ಪುಗಳಲ್ಲಿ ಬಹುಪಾಲು ಮೈಯಲ್ಲಿರುತ್ತವೆ, ಬೈಕಿನಲ್ಲಿ ಅಲ್ಲ. ಟ್ಯಾಂಕಿನ ಮೇಲೆ ಅಥವಾ ಮುಂಭಾಗದಲ್ಲಿ ಕೂರಿಸಿದರೆ ಮುಂದಿನ ಚಕ್ರ ಕರ್ಬಿನಿಂದ (ಟ್ರ್ಯಾಕ್ ಅಂಚಿನ ಬಣ್ಣದ ಕಟ್ಟೆ) ಎಷ್ಟು ದೂರ ಹೋಯಿತೆಂಬುದು ಸ್ಪಷ್ಟವಾಗುತ್ತದೆ. ಹಿಡಿಕೆ ಕಾಣುವಂತೆ ಓರೆಯಾಗಿಟ್ಟರೆ ಬ್ರೇಕ್ ಲಿವರ್ ಮೇಲಿನ ಬೆರಳುಗಳೂ ಕಾಣುತ್ತವೆ. ಆ ಬೆರಳುಗಳನ್ನು ನೋಡಿದವರು ಬೆಚ್ಚುತ್ತಾರೆ: ಮೆಲ್ಲಗೆ ಬಿಟ್ಟೆ ಎಂದುಕೊಂಡ ಬ್ರೇಕನ್ನು ಬಿಸಿ ಪಾತ್ರೆಯಂತೆ ತಟ್ಟನೆ ಬಿಟ್ಟಿರುತ್ತಾರೆ.

ಹೆಲ್ಮೆಟ್ ಕ್ಯಾಮೆರಾ ತೋರಿಸುವುದು ತಲೆ ಎತ್ತ ತಿರುಗಿದೆ ಎಂಬುದನ್ನು. ತಿರುವಿನ ಒಳಗನ್ನು ಹುಡುಕುವ ಬದಲು ಮುಂದಿನ ಚಕ್ರದ ಮುಂದಿನ ಡಾಂಬರನ್ನೇ ನೋಡುತ್ತಿದ್ದೀರಾದರೆ ಅದು ಅಲ್ಲಿ ಸಿಕ್ಕಿಬೀಳುತ್ತದೆ. ಆದರೆ ಬಿದ್ದಾಗ ಹೆಲ್ಮೆಟ್ ನೆಲದ ಮೇಲೆ ಜಾರಬೇಕು. ಹೊರಚಾಚಿದ ಗಟ್ಟಿ ವಸ್ತು ಎಲ್ಲಾದರೂ ತಗುಲಿ ಕುತ್ತಿಗೆ ತಿರುಚಬಹುದು. ಅನೇಕ ಆಯೋಜಕರು ಇದನ್ನು ಒಪ್ಪುವುದಿಲ್ಲ, ಸರಿಯಾಗಿಯೇ ಇದೆ.

ಓಡುವಾಗ ಕಿತ್ತು ಬಿದ್ದರೆ?

ಹಿಂದೆ ಬರುತ್ತಿರುವವನ ಚಕ್ರಕ್ಕೆ ಸಿಕ್ಕರೆ ಅವನು ಬೀಳುತ್ತಾನೆ. ಕ್ಯಾಮೆರಾದ ಬೆಲೆ ಆಮೇಲಿನ ಮಾತು. ಒಮ್ಮೆ ನನ್ನ ಕ್ಯಾಮೆರಾದ ಅಂಟು ಬಿಸಿಲಿಗೆ ಮೆತ್ತಗಾಗಿ ಕಿತ್ತುಬಂದಿತ್ತು. ಕಟ್ಟಿದ್ದ ನೈಲಾನ್ ದಾರದಲ್ಲಿ ಅದು ನೇತಾಡುತ್ತ, ಬೈಕ್ ನಿಲ್ಲಿಸುವ ಪಿಟ್‌ವರೆಗೆ ಬಂತು. ಅಂದಿನಿಂದ ದಾರವಿಲ್ಲದೆ ನಾನು ಹೊರಟಿಲ್ಲ.

ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಚೈನ್ ಎಣ್ಣೆಯ ತೆಳು ಪದರ ಸಾಕು, ಅಂಟು ಹಿಡಿಯುವುದಿಲ್ಲ. ಹಿಂದಿನ ದಿನವೇ, ಊರಿನಲ್ಲೇ ಅಂಟಿಸಿ ಇಡೀ ದಿನ ಬಿಡಿ. ದಾರವನ್ನು ಕ್ಯಾಮೆರಾದ ಚೌಕಟ್ಟಿನಿಂದ ಬೈಕಿನ ಗಟ್ಟಿ ಭಾಗಕ್ಕೆ ಕಟ್ಟಿ. ಅದು ಕಿತ್ತುಬಂದರೂ ಚಕ್ರಕ್ಕೋ ಚೈನ್‌ಗೋ ಮುಟ್ಟದಷ್ಟು ಗಿಡ್ಡವಾಗಿರಲಿ. ಟ್ರ್ಯಾಕ್‌ಗೆ ಇಳಿಯುವ ಮುನ್ನ ಬೈಕ್ ತಪಾಸಣೆ ಮಾಡುವವರನ್ನು ನೀವೇ ಕರೆದು ತೋರಿಸಿ.

ಸೆಟ್ಟಿಂಗ್‌ಗಳು ಹೇಗಿರಬೇಕು?

1080ಪಿ, ಸೆಕೆಂಡಿಗೆ 60 ಫ್ರೇಮ್. 4ಕೆ ಬೇಕಿಲ್ಲ. ಅದರಿಂದ ಕ್ಯಾಮೆರಾ ಬಿಸಿಯಾಗಿ, ಚೆನ್ನೈಯ ಬಿಸಿಲಿನಲ್ಲಿ ನಡುವೆಯೇ ಆರಿಹೋಗುತ್ತದೆ. ಲೆನ್ಸ್ ಲೀನಿಯರ್‌ನಲ್ಲಿರಲಿ, ಅಂದರೆ ಅಂಚಿನ ಗೆರೆಗಳನ್ನು ಬಾಗಿಸದೆ ನೇರವಾಗಿ ತೋರಿಸುವ ಆಯ್ಕೆಯಲ್ಲಿ. ಮುಖ್ಯವಾಗಿ, ದಿಗಂತವನ್ನು ತಾನೇ ಸಮತಟ್ಟು ಮಾಡುವ ಆಯ್ಕೆಯನ್ನು ಆಫ್ ಮಾಡಿಡಿ. ಅದು ಚಾಲೂ ಇದ್ದರೆ ಬೈಕ್ ಎಷ್ಟು ಬಾಗಿತ್ತೆಂಬ ಮಾಹಿತಿಯೇ ಅಳಿಸಿಹೋಗುತ್ತದೆ.

ಚಿತ್ರವೆಲ್ಲ ನೀರಿನಲ್ಲಿ ಕಂಡಂತೆ ಅಲೆ ಅಲೆಯಾಗಿದೆ. ಕ್ಯಾಮೆರಾ ಕೆಟ್ಟಿದೆಯೇ?

ಇಲ್ಲ, ಅದು ಕಂಪನ. ಒಂಟಿ ಸಿಲಿಂಡರಿನ ಬೈಕುಗಳಲ್ಲಿ ಹೆಚ್ಚು. ಕ್ಯಾಮೆರಾ ಚಿತ್ರವನ್ನು ಒಟ್ಟಿಗೆ ಹಿಡಿಯದೆ ಸಾಲು ಸಾಲಾಗಿ ಹಿಡಿಯುವುದರಿಂದ ನಡುಕ ಅಲೆಯಾಗಿ ಕಾಣುತ್ತದೆ. ಉದ್ದ ಕೋಲಿನಂಥ ಹಿಡಿಕೆಗಳನ್ನು ತೆಗೆದು, ಬುಡಕ್ಕೆ ಅಂಟಿಕೊಂಡಂತೆ ಗಿಡ್ಡವಾಗಿ ಕೂರಿಸಿ, ಕೆಳಗೆ ತೆಳು ರಬ್ಬರ್ ಹಾಕಿ.

## ನೋಡುವುದು

ಎರಡು ಗಂಟೆ ಕೂತು ಎಲ್ಲ ವಿಡಿಯೊ ನೋಡಿದೆ. ಖುಷಿಯಾಯಿತು, ಆದರೆ ಏನೂ ಕಲಿಯಲಿಲ್ಲ. ಏನನ್ನು ನೋಡಬೇಕು?

ಒಂದು ಪ್ರಶ್ನೆ, ಒಂದು ತಿರುವು. ಇಷ್ಟೇ ಇಟ್ಟುಕೊಂಡು ಕೂರಬೇಕು.

ಧಾರವಾಡದಲ್ಲಿ ಸಂಗೀತ ಕಲಿಯುವವರ ಮನೆಯ ಪಕ್ಕದಲ್ಲಿ ಬೆಳೆದವನು ನಾನು. ಅಲ್ಲಿನ ಗುರುಗಳು ಶಿಷ್ಯೆಯ ಅರ್ಧ ಗಂಟೆಯ ಹಾಡಿಕೆಯನ್ನು ಟೇಪಿನಲ್ಲಿ ಹಿಡಿದು, ಮರುದಿನ ಅದರಲ್ಲಿ ಒಂದೇ ಒಂದು ತಾನಿನ ಒಂದು ಸ್ವರವನ್ನು ಹತ್ತು ಸಲ ಕೇಳಿಸುತ್ತಿದ್ದರು. ಉಳಿದದ್ದನ್ನು ಮುಟ್ಟುತ್ತಲೇ ಇರಲಿಲ್ಲ. ವಿಡಿಯೊ ನೋಡುವ ರೀತಿಯೂ ಇದೇ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ನಿಮಗೆ ಅತಿ ಹೆಚ್ಚು ಅಳುಕಿರುವ ತಿರುವನ್ನು ಆರಿಸಿ. ಆ ಸೆಷನ್ನಿನ ಎಲ್ಲ ಲ್ಯಾಪ್‌ಗಳಿಂದ ಆ ತಿರುವನ್ನಷ್ಟೇ ಕತ್ತರಿಸಿ ಒಂದರ ಹಿಂದೊಂದು ಜೋಡಿಸಿ. ಮೊದಲ ಸುತ್ತಿನಲ್ಲಿ ತಲೆಯನ್ನು ಮಾತ್ರ ನೋಡಿ: ಬೈಕ್ ಬಾಗುವ ಮೊದಲೇ ತಿರುಗಿತೇ, ಬಾಗಿದ ಮೇಲೆ ತಿರುಗಿತೇ? ಎರಡನೆಯ ಸುತ್ತಿನಲ್ಲಿ ಸೊಂಟ: ಸೀಟಿನಿಂದ ತಿರುವಿನ ಒಳಬದಿಗೆ ಸರಿಯುವುದು ಬ್ರೇಕ್ ಹಿಡಿಯುವ ಮುಂಚೆಯೋ, ಬಾಗುತ್ತಿರುವಾಗಲೋ? ಬಾಗುತ್ತಿರುವಾಗ ಸರಿದರೆ ಬೈಕ್ ಒಮ್ಮೆ ಅಲುಗುವುದು ಕಣ್ಣಿಗೆ ಕಾಣುತ್ತದೆ. ಆ ಅಲುಗಾಟಕ್ಕೆ ನೀವು ಟೈರನ್ನು ಬೈದಿರುತ್ತೀರಿ. ಮೂರನೆಯದರಲ್ಲಿ ಮೊಣಕೈ: ಮಡಿಚಿ ಸಡಿಲವಾಗಿದೆಯೇ, ನೇರವಾಗಿ ಸೆಟೆದಿದೆಯೇ? ಸೆಟೆದ ಕೈ ಹ್ಯಾಂಡಲ್ ತನ್ನ ಕೆಲಸ ಮಾಡಲು ಬಿಡುವುದಿಲ್ಲ. ಕೈ ಸೆಟೆಯಲು ಕಾರಣ ಸಾಮಾನ್ಯವಾಗಿ ಕೈಯಲ್ಲಿರುವುದಿಲ್ಲ, ಹೊರಗಿನ ತೊಡೆ ಟ್ಯಾಂಕಿಗೆ ಒತ್ತಿ ಮೈಯನ್ನು ಹಿಡಿದಿಲ್ಲವಾದ್ದರಿಂದ ಭಾರವೆಲ್ಲ ಕೈಗೆ ಬಂದಿರುತ್ತದೆ.

ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಒಂದು ವಾಕ್ಯ ಬರೆದಿಡಿ. ಮುಂದಿನ ಸಲ ಟ್ರ್ಯಾಕ್‌ಗೆ ಹೋಗುವಾಗ ಆ ಒಂದು ವಾಕ್ಯ ಸಾಕು.

ನಾನು ತುಂಬಾ ಬಾಗುತ್ತಿದ್ದೇನೆ, ಮಂಡಿ ಇನ್ನೇನು ನೆಲ ಮುಟ್ಟುತ್ತದೆ ಎನಿಸುತ್ತದೆ. ವಿಡಿಯೊದಲ್ಲಿ ಹಾಗೆ ಕಾಣುವುದಿಲ್ಲ. ಯಾವುದು ನಿಜ?

ವಿಡಿಯೊ ನಿಜ. ಸಮತೋಲನದಲ್ಲಿ ತಿರುಗುವಾಗ ಮೈಮೇಲಿನ ಒಟ್ಟು ಬಲ ಹೆಚ್ಚು ಕಡಿಮೆ ಬೈಕಿನ ಉದ್ದಕ್ಕೇ, ಸೀಟಿನ ಕಡೆಗೇ ಇಳಿಯುತ್ತದೆ. ಪಕ್ಕಕ್ಕೆ ವಾಲಿದ್ದೇನೆಂಬುದು ಒಳಗಿವಿಗೆ ಸರಿಯಾಗಿ ತಿಳಿಯುವುದಿಲ್ಲ. ಎಷ್ಟು ಬಾಗಿದ್ದೇವೆಂಬ ಅಂದಾಜನ್ನು ಕಣ್ಣೂ ಭಯವೂ ಸೇರಿ ಮಾಡುತ್ತವೆ. ಭಯ ಯಾವಾಗಲೂ ಹೆಚ್ಚಿಸಿಯೇ ಹೇಳುತ್ತದೆ.

ನನ್ನ ಮೊದಲ ವಿಡಿಯೊದಲ್ಲಿ ಸೊಂಟ ಒಳಕ್ಕೆ ಸರಿದಿತ್ತು, ಎದೆ ಮತ್ತು ತಲೆ ಮಾತ್ರ ಟ್ಯಾಂಕಿನ ಹೊರಬದಿಗೇ ಉಳಿದಿದ್ದವು. ಬೆನ್ನೆಲುಬು ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ಟ್ರ್ಯಾಕ್‌ಗೆ ಬರುವ ಹೊಸಬರಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ. ಸೊಂಟ ಸರಿಸಿದ್ದರಿಂದ ಗಳಿಸಿದ್ದನ್ನು ಎದೆ ಹಿಂದಕ್ಕೆ ಕೊಟ್ಟುಬಿಡುತ್ತದೆ. ಪರೀಕ್ಷೆ ಸುಲಭ: ಹಿಂಬದಿ ಕ್ಯಾಮೆರಾದ ಚಿತ್ರವನ್ನು ಬೈಕ್ ಅತಿ ಹೆಚ್ಚು ಬಾಗಿದ ಕ್ಷಣದಲ್ಲಿ ನಿಲ್ಲಿಸಿ, ಹೆಲ್ಮೆಟ್ ಬೈಕಿನ ನಡುಗೆರೆಯ ಯಾವ ಬದಿಗಿದೆ ನೋಡಿ. ಒಳಬದಿಗೆ ಇರಬೇಕು. ಗಲ್ಲವನ್ನು ಒಳಗಿನ ಮಣಿಕಟ್ಟಿನ ಕಡೆಗೆ ತರುತ್ತಿದ್ದೇನೆ ಎಂದು ನೆನೆದುಕೊಂಡರೆ ಎದೆ ತಾನಾಗಿ ಹಿಂಬಾಲಿಸುತ್ತದೆ.

ನನ್ನ ಲೈನ್ ಸರಿಯಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಮೊದಲು ನಿಮಗೆ ಒಂದು ಲೈನ್, ಅಂದರೆ ತಿರುವಿನಲ್ಲಿ ಪ್ರತಿ ಸಲ ಹಿಡಿಯುವ ಒಂದೇ ದಾರಿ, ಇದೆಯೇ ನೋಡಿ. ಪ್ರತಿ ಲ್ಯಾಪ್‌ನಲ್ಲೂ ಅಪೆಕ್ಸ್ (ತಿರುವಿನ ಒಳ ಅಂಚಿಗೆ ಚಕ್ರ ಅತಿ ಹತ್ತಿರ ಬರುವ ಜಾಗ) ಬಳಿ ಚಿತ್ರ ನಿಲ್ಲಿಸಿ, ಚಕ್ರ ಕರ್ಬಿನಿಂದ ಎಷ್ಟು ದೂರವಿದೆ ಬರೆಯಿರಿ. ಒಂದು ಸಲ ಒಂದಡಿ, ಒಂದು ಸಲ ಐದಡಿ, ಮತ್ತೊಂದು ಸಲ ಎರಡಡಿ ಇದ್ದರೆ ಸರಿ ತಪ್ಪಿನ ಪ್ರಶ್ನೆಯೇ ಹುಟ್ಟುವುದಿಲ್ಲ. ಎಲ್ಲ ಸಲವೂ ಮೂರಡಿ ಎಂದಾದರೆ ಅದನ್ನು ತಿದ್ದಬಹುದು. ಹೊರಬೀಳುವಾಗ ರಸ್ತೆಯ ಅಂಚಿಗೆ ಬಂದು ಥ್ರಾಟಲ್ (ಆಕ್ಸಿಲರೇಟರ್) ಮುಚ್ಚಬೇಕಾಗುತ್ತಿದ್ದರೆ ನೀವು ತುಂಬಾ ಬೇಗ ಒಳಕ್ಕೆ ತಿರುಗಿದ್ದೀರಿ. ಅದನ್ನು ಹುಡುಕಲು ವಿಡಿಯೊವನ್ನು ಹಿಂದಕ್ಕೆ ಓಡಿಸಿ, ಹೊರಬೀಳುವ ಜಾಗದಿಂದ ತಿರುಗಿದ ಜಾಗದವರೆಗೆ.

ಸೆಷನ್‌ಗಳ ನಡುವೆಯೇ ನೋಡಬೇಕೇ?

ಒಂದೇ ಒಂದು ವಿಷಯವನ್ನು, ಐದು ನಿಮಿಷ. ಉಳಿದ ಸಮಯ ನೀರು ಕುಡಿಯಿರಿ, ಟೈರ್ ಗಾಳಿ ನೋಡಿ, ನೆರಳಿನಲ್ಲಿ ಕೂರಿ. ದಣಿದ ಮಿದುಳಿಗೆ ಹತ್ತು ತಿದ್ದುಪಡಿ ತುರುಕಿ ಮತ್ತೆ ಬೈಕ್ ಹತ್ತಿದವರು ಬೀಳುವುದನ್ನು ಕಂಡಿದ್ದೇನೆ.

## ಆಳಕ್ಕೆ ಇಳಿಯುವವರಿಗೆ

ಲ್ಯಾಪ್ ಟೈಮರ್ ಇಲ್ಲ. ಎಲ್ಲಿ ಸಮಯ ಕಳೆದುಕೊಳ್ಳುತ್ತಿದ್ದೇನೆ ಎಂದು ವಿಡಿಯೊದಿಂದ ತಿಳಿಯಬಹುದೇ?

ಫ್ರೇಮ್ ಎಣಿಸಿ. ಗಂಟೆಗೆ 108 ಕಿ.ಮೀ. ಎಂದರೆ ಸೆಕೆಂಡಿಗೆ 30 ಮೀಟರ್. 60 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ ಅರ್ಧ ಮೀಟರ್. ಕಂಬ, ಸೇತುವೆ, ಬಣ್ಣ ಬದಲಾಗುವ ಕರ್ಬು ಇಂಥ ಗುರುತುಗಳಿಂದ ಟ್ರ್ಯಾಕನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೆ ಎಷ್ಟು ಫ್ರೇಮ್ ಹಿಡಿಯಿತೆಂದು ಬರೆದುಕೊಳ್ಳಿ. ವಿಎಲ್‌ಸಿ ಪ್ಲೇಯರಿನಲ್ಲಿ ಇಂಗ್ಲಿಷಿನ ‘ಇ’ (E) ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಪಕ್ಕ ಪಕ್ಕದಲ್ಲಿ ಎರಡು ಲ್ಯಾಪ್ ಇಟ್ಟು ನೋಡಲು, ಕೋನ ಅಳೆಯಲು ಕಿನೋವಿಯಾ ಎಂಬ ಉಚಿತ ತಂತ್ರಾಂಶವಿದೆ. ಕ್ರೀಡಾ ತರಬೇತಿಗೆಂದೇ ಮಾಡಿದ್ದು.

ಎಣಿಸತೊಡಗಿದ ಮೇಲೆ ಹೆಚ್ಚಿನವರಿಗೆ ಕಾಣುವುದು ಒಂದೇ ಸಂಗತಿ. ಥ್ರಾಟಲ್ ಮುಚ್ಚಿದ್ದಕ್ಕೂ ಬ್ರೇಕ್ ಹಿಡಿದದ್ದಕ್ಕೂ ನಡುವೆ ಬೈಕ್ ಸುಮ್ಮನೆ ತೇಲುತ್ತಿರುತ್ತದೆ. 24 ಫ್ರೇಮ್ ತೇಲಿದರೆ ಅದು 0.4 ಸೆಕೆಂಡು, ಆ ವೇಗದಲ್ಲಿ 12 ಮೀಟರ್. ಬ್ರೇಕ್ ಇನ್ನೂ ತಡವಾಗಿ ಹಿಡಿಯುವ ಧೈರ್ಯ ಬರಬೇಕೆಂದು ಸವಾರರು ಹಂಬಲಿಸುತ್ತಾರೆ. ಧೈರ್ಯ ಬೇಕಿಲ್ಲ, ಆ 12 ಮೀಟರ್ ಅಲ್ಲೇ ಬಿದ್ದಿದೆ.

ಎಂಜಿನ್ ಶಬ್ದದಿಂದಲೂ ತಿಳಿಯಬಹುದು ಎನ್ನುತ್ತಾರೆ. ಏನು ತಿಳಿಯುತ್ತದೆ?

ನನಗೆ ಈ ಭಾಗ ಬಹಳ ಪ್ರಿಯ. ಮೈಕಿಗೆ ಸ್ಪಂಜು ಮುಚ್ಚಿ, ಗಾಳಿ ತಾಕದಂತೆ ಹಿಂಭಾಗದಲ್ಲಿಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಥ್ರಾಟಲ್ ಎಲ್ಲಿ ಮುಚ್ಚಿತು, ಎಲ್ಲಿ ತೆರೆಯಿತು, ತಿರುವಿನ ನಡುವೆ ಎಷ್ಟು ಸಲ ಅನುಮಾನಿಸಿ ತೆರೆದು ಮುಚ್ಚಿತು, ಎಲ್ಲ ಕೇಳಿಸುತ್ತದೆ.

ಇನ್ನೂ ಮುಂದೆ ಹೋಗಬಹುದು. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. ಆದ್ದರಿಂದ ಶಬ್ದದ ಆವರ್ತನಗಳನ್ನು ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ಆ್ಯಪ್‌ನಲ್ಲಿ ಸಿಡಿತದ ಗೆರೆ 75 ಹರ್ಟ್ಸ್ ಇದ್ದರೆ, 120ರಿಂದ ಗುಣಿಸಿ, 9000 ಆರ್‌ಪಿಎಂ, ಅಂದರೆ ಎಂಜಿನ್ನಿಗೆ ನಿಮಿಷಕ್ಕೆ ಅಷ್ಟು ಸುತ್ತು. ಒಂದೇ ಗೇರಿನಲ್ಲಿ ಆರ್‌ಪಿಎಂ ಏರಿದಷ್ಟೇ ವೇಗವೂ ಏರಿರುತ್ತದೆ. ಒಂದು ಲ್ಯಾಪ್‌ನಲ್ಲಿ ಅಪೆಕ್ಸ್ ಬಳಿ 66 ಹರ್ಟ್ಸ್, ಇನ್ನೊಂದರಲ್ಲಿ 70 ಇದ್ದರೆ ಎರಡನೆಯದರಲ್ಲಿ ಸುಮಾರು 6 ಶೇಕಡ ಹೆಚ್ಚು ವೇಗ. 72 ಕಿ.ಮೀ. ವೇಗದ ತಿರುವಿನಲ್ಲಿ ಅದು ನಾಲ್ಕು ಕಿ.ಮೀ. ಆಗುತ್ತದೆ.

ಬಾಗಿದ ಕೋನವನ್ನು ಅಳೆಯುವುದು ಹೇಗೆ?

ಕ್ಯಾಮೆರಾ ಬೈಕಿಗೆ ಬಿಗಿದಿದ್ದರೆ, ಚಿತ್ರದಲ್ಲಿ ದಿಗಂತ ಎಷ್ಟು ಓರೆಯಾಗಿದೆಯೋ ಬೈಕ್ ಅಷ್ಟೇ ಬಾಗಿದೆ. ಚಿತ್ರ ನಿಲ್ಲಿಸಿ, ಕೋನಮಾಪಕ ಇಟ್ಟು ಅಳೆಯಿರಿ.

ಆ ಸಂಖ್ಯೆಯನ್ನು ಒಂದು ಲೆಕ್ಕದೊಂದಿಗೆ ಹೋಲಿಸಿದಾಗ ಅರ್ಥ ಬರುತ್ತದೆ. ಉಪಗ್ರಹ ನಕ್ಷೆಯಲ್ಲಿ ತಿರುವಿನ ತ್ರಿಜ್ಯ ಅಳೆಯಿರಿ. ವೇಗದ ವರ್ಗವನ್ನು ತ್ರಿಜ್ಯ ಮತ್ತು 9.8ರ ಗುಣಲಬ್ಧದಿಂದ ಭಾಗಿಸಿದರೆ ಬರುವುದು ಕೋನದ ಟ್ಯಾನ್ ಬೆಲೆ. 50 ಮೀಟರ್ ತ್ರಿಜ್ಯದ ಸಮತಟ್ಟು ತಿರುವಿನಲ್ಲಿ 72 ಕಿ.ಮೀ. ವೇಗಕ್ಕೆ ಸುಮಾರು 39 ಡಿಗ್ರಿ. ಇದು ಬೈಕ್ ಮತ್ತು ಸವಾರ ಒಟ್ಟಿಗೆ ಬಾಗಬೇಕಾದ ಕೋನ. ಟೈರಿನ ಅಗಲದಿಂದಾಗಿ ಬೈಕ್ ಕೆಲವು ಡಿಗ್ರಿ ಹೆಚ್ಚು ಬಾಗುವುದು ಸಹಜ. ಆದರೆ ವಿಡಿಯೊದಲ್ಲಿ 47 ಡಿಗ್ರಿ ಕಂಡರೆ, ನಿಮ್ಮ ಮೈ ಹೊರಗೆ ಉಳಿದಿದ್ದರಿಂದ ಬೈಕ್ ಅದರ ದಂಡ ತೆರುತ್ತಿದೆ. ಮೈ ಚೆನ್ನಾಗಿ ಒಳಕ್ಕೆ ಬಂದಷ್ಟೂ ಅದೇ ವೇಗಕ್ಕೆ ಬೈಕ್ ಕಡಿಮೆ ಬಾಗುತ್ತದೆ, ಟೈರಿಗೆ ಉಸಿರಾಡಲು ಜಾಗ ಉಳಿಯುತ್ತದೆ.

ಜಿಪಿಎಸ್ ಮಾಹಿತಿಯನ್ನೂ ಸೇರಿಸಬೇಕೇ?

ವೇಗಕ್ಕೆ ಒಳ್ಳೆಯದು, ಲೈನಿಗೆ ಅಲ್ಲ. ಸೆಕೆಂಡಿಗೆ ಹತ್ತು ಸಲ ದಾಖಲಿಸುವ ಜಿಪಿಎಸ್ 108 ಕಿ.ಮೀ. ವೇಗದಲ್ಲಿ ಮೂರು ಮೀಟರಿಗೊಂದು ಚುಕ್ಕಿ ಇಡುತ್ತದೆ, ಆ ಚುಕ್ಕಿಯೂ ಕೆಲವು ಮೀಟರ್ ಆಚೀಚೆ ಇರಬಹುದು. ಕರ್ಬಿನಿಂದ ಎಷ್ಟು ದೂರವೆಂಬುದನ್ನು ಚಿತ್ರವನ್ನೇ ಕೇಳಿ.

ನನಗಿಂತ ವೇಗವಾಗಿ ಓಡಿಸುವವರ ವಿಡಿಯೊ ಪಕ್ಕದಲ್ಲಿಟ್ಟು ಹೋಲಿಸಲೇ?

ಅದೇ ಬೈಕ್ ಆಗಿದ್ದರೆ ಮಾತ್ರ. 155 ಸಿಸಿ ಬೈಕ್ ತಿರುವಿನ ವೇಗವನ್ನು ಕಾಪಾಡಿಕೊಂಡು ದುಂಡಗೆ ಹೋಗುತ್ತದೆ. 390 ಸಿಸಿಯದು ತಡವಾಗಿ ತಿರುಗಿ ಬೇಗ ನೆಟ್ಟಗಾಗಿ ಚಿಮ್ಮಬಲ್ಲದು. ಒಂದರ ಲೈನ್ ಇನ್ನೊಂದಕ್ಕೆ ಹೊಂದುವುದಿಲ್ಲ. ಸಮಯವನ್ನು ಹೋಲಿಸಬೇಡಿ, ಕೆಲಸಗಳ ಕ್ರಮವನ್ನು ಹೋಲಿಸಿ: ಅವರ ತಲೆ ಯಾವಾಗ ತಿರುಗಿತು, ಸೊಂಟ ಯಾವಾಗ ಸರಿಯಿತು. ತರಬೇತುದಾರರು ನಿಮ್ಮ ಹಿಂದೆ ಬಂದು ಚಿತ್ರೀಕರಿಸಿಕೊಟ್ಟರೆ ಅದು ಎಲ್ಲಕ್ಕಿಂತ ಮೇಲು. ಟ್ರ್ಯಾಕ್‌ನಲ್ಲಿ ದೀಪಗಳಿಗೆ ಟೇಪ್ ಅಂಟಿಸಿರುವುದರಿಂದ ಬ್ರೇಕ್ ದೀಪ ಕಾಣುವುದಿಲ್ಲ. ಬೈಕಿನ ಹಿಂಭಾಗ ಮೇಲೇಳುವ ಕ್ಷಣವನ್ನು ನೋಡಿ, ಬ್ರೇಕ್ ಶುರುವಾದದ್ದು ಅಲ್ಲಿ.

ಕಳೆದ ಸಲ ಬಿದ್ದೆ. ಆ ವಿಡಿಯೊ ತೆರೆಯಲು ಕೈ ಬರುತ್ತಿಲ್ಲ. ನೋಡಲೇಬೇಕೇ?

ಈಗಲೇ ಬೇಡ. ನೋವು ಇಳಿಯಲಿ, ಮನೆಯವರ ಮುಖದ ಆತಂಕವೂ ಇಳಿಯಲಿ. ಆಮೇಲೆ ಒಬ್ಬರೇ ನೋಡಬೇಡಿ, ನಿಮ್ಮ ಮೇಲೆ ಅಕ್ಕರೆಯಿರುವ, ಸವಾರಿ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಬಿದ್ದ ಕ್ಷಣವನ್ನು ನೋಡಬೇಕಿಲ್ಲ, ಅದರಲ್ಲಿ ಕಲಿಯುವುದೇನೂ ಇಲ್ಲ. ಅದಕ್ಕೂ ಐದು ಸೆಕೆಂಡು ಮೊದಲಿನದನ್ನು ನೋಡಿ, ಮತ್ತು ಹಿಂದಿನ ಲ್ಯಾಪ್‌ನ ಅದೇ ಜಾಗದ ಚಿತ್ರವನ್ನು ಪಕ್ಕದಲ್ಲಿಡಿ. ಹಿಂಚಕ್ರ ಜಾರಿದ್ದರೆ ದಿಗಂತದ ಓರೆ ಇನ್ನೂ ಹೆಚ್ಚುತ್ತಿರುವಾಗಲೇ ಎಂಜಿನ್ ಸ್ವರ ಏರತೊಡಗಿತೇ ಎಂದು ಪರೀಕ್ಷಿಸಿ. ಬಾಗುವುದನ್ನೂ ಥ್ರಾಟಲನ್ನೂ ಒಟ್ಟಿಗೆ ಹೆಚ್ಚಿಸಿದರೆ ಟೈರ್ ಎರಡನ್ನೂ ಹೊರಲಾರದು. ಮುಂಚಕ್ರ ಜಾರಿದ್ದರೆ ಬೆರಳುಗಳನ್ನು ನೋಡಿ, ಬಾಗಿದ ಮೇಲೂ ಬ್ರೇಕ್ ಬಿಗಿಯುತ್ತಲೇ ಇತ್ತೇ ಎಂದು.

ನನ್ನ ಬೀಳುವಿಕೆಯ ವಿಡಿಯೊವನ್ನು ನಾನು ನಾಲ್ಕು ತಿಂಗಳ ನಂತರ ತೆರೆದೆ. ಅಷ್ಟು ದಿನ ಟ್ರ್ಯಾಕ್ ಮೇಲೆ ಮರಳು ಇತ್ತೆಂದು ಎಲ್ಲರಿಗೂ ಹೇಳುತ್ತಿದ್ದೆ. ಮರಳು ಇರಲೇ ಇಲ್ಲ. ಹಿಂದಿನ ಮೂರು ಲ್ಯಾಪ್‌ಗಳಲ್ಲೂ ಅದೇ ಜಾಗದಲ್ಲಿ ಬಾಗುತ್ತಲೇ ಥ್ರಾಟಲ್ ತೆರೆದಿದ್ದೆ, ಪ್ರತಿ ಸಲವೂ ಹಿಂಚಕ್ರ ಕೊಂಚ ಕೊಸರಿತ್ತು. ನಾಲ್ಕನೆಯ ಸಲ ಹಿಡಿತ ಬಿಟ್ಟಿತು. ಮುಂದಿನ ಸಲ ಆ ತಿರುವಿಗೆ ಹೋದಾಗ ಬೈಕ್ ನೆಟ್ಟಗಾಗತೊಡಗುವವರೆಗೆ ಬಲಗೈ ಕಾಯಿತು.